ಮೆಟ್ಲಾಖ್‌ನ ಅರ್ಧ ಲೀಟರ್ ಕ್ರೂಗ್: ಚಿತ್ರ ನೋಡುವ ಮೊದಲು ತಳ ನೋಡಿ

ಮ್ಯೂನಿಕ್‌ಗೆ ಬಂದು ಆರು ವರ್ಷಗಳಾದ ಮೇಲೆ, ಕಳೆದ ವಸಂತದಲ್ಲಿ, ಇಲ್ಲಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ನಾನು ಒಂದು ಬಿಯರ್ ಕ್ರೂಗ್ ಕೊಂಡೆ. ಅರ್ಧ ಲೀಟರ್ ಹಿಡಿಯುವ, ತವರದ ಮುಚ್ಚಳವಿರುವ ಈ ಪಾತ್ರೆ ಸಾರ್ ನದಿಯ ದಂಡೆಯ ಮೆಟ್ಲಾಖ್ ಊರಿನಲ್ಲಿ, ವಿಲೆರಾಯ್ ಆಂಡ್ ಬಾಖ್ ಕಾರ್ಖಾನೆಯಲ್ಲಿ, 1898ರಲ್ಲಿ ತಯಾರಾದದ್ದು. ಅಂಗಡಿಯವರು ಹೇಳಿದ ಬೆಲೆ 240 ಯೂರೋ. ನಾನು ಕೊಟ್ಟದ್ದು 210. ಒಂದು ವರ್ಷ ಮನೆಯಲ್ಲಿಟ್ಟುಕೊಂಡು, ಇಬ್ಬರಿಂದ ಬೆಲೆ ಕಟ್ಟಿಸಿ, ಅದರ ಗುಣವನ್ನೂ ದೋಷವನ್ನೂ ಅರಿತ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಜರ್ಮನಿಯಿಂದ ಊರಿಗೆ ಹೊರಡುವ ಕನ್ನಡಿಗರಲ್ಲಿ ಅನೇಕರು ನೆನಪಿಗೆಂದು ಇಂಥದೊಂದನ್ನು ಕೊಳ್ಳುತ್ತಾರೆ. ಕೊಟ್ಟ ಹಣಕ್ಕೆ ತಕ್ಕ ವಸ್ತು ಸಿಕ್ಕಿತೇ ಎಂದು ಪರೀಕ್ಷಿಸುವ ದಾರಿ ಮಾತ್ರ ಬಹಳ ಮಂದಿಗೆ ತಿಳಿದಿರುವುದಿಲ್ಲ. ನನಗೂ ತಿಳಿದಿರಲಿಲ್ಲ.

ಮೊದಲಿಗೆ ಹೆಸರಿನ ಮಾತು. ಇಂಗ್ಲಿಷ್‌ನಲ್ಲಿ ಇದನ್ನು ಸ್ಟೈನ್ ಎನ್ನುತ್ತಾರೆ, ನಾವೂ ಹಾಗೆಯೇ ಹೇಳುತ್ತೇವೆ. ಆದರೆ ಜರ್ಮನ್ ಭಾಷೆಯಲ್ಲಿ ಶ್ಟೈನ್ ಎಂದರೆ ಬರಿಯ ಕಲ್ಲು. ಹೆಚ್ಚಿನ ಶಾಖದಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣಿಗೆ ಅವರಲ್ಲಿ ಶ್ಟೈನ್‌ತ್ಸೊಯ್ಗ್ ಎಂಬ ಹೆಸರಿದೆ. ನಮ್ಮ ಅಜ್ಜಿಯರ ಉಪ್ಪಿನಕಾಯಿ ಜಾಡಿಗಳ ಮಣ್ಣು ಇದೇ ಜಾತಿಯದು. ಅಂಗಡಿಯಲ್ಲಿ ಕೇಳುವಾಗ ಕ್ರೂಗ್ ಎಂದು ಕೇಳಬೇಕು. ಒಂದು ಲೀಟರಿನದು ಮಾಸ್‌ಕ್ರೂಗ್. ದೊಡ್ಡ ಗಾತ್ರದ್ದನ್ನು ಹುಂಪನ್ ಎಂದೂ ಕರೆಯುತ್ತಾರೆ.

ಈ ಕ್ರೂಗ್‌ಗಿಂತ ಮುಂಚೆ ನಾನು ಇನ್ನೊಂದನ್ನು ಕೊಂಡು ಮೋಸಹೋಗಿದ್ದೆ. ಅದನ್ನು ಹೇಳದೆ ಇದರ ಬೆಲೆಯನ್ನು ವಿವರಿಸಲಾರೆ. ಮೂರು ವರ್ಷಗಳ ಹಿಂದೆ ಭಾನುವಾರದ ಸಂತೆಯೊಂದರಲ್ಲಿ, ತನ್ನ ಮುತ್ತಜ್ಜ ಸೈನ್ಯದಲ್ಲಿದ್ದಾಗಿನ ಪಾತ್ರೆ ಎಂದು ಹೇಳಿ ಒಬ್ಬರು ನನಗೆ ಪಿಂಗಾಣಿಯ ಸೈನಿಕ ಕ್ರೂಗ್ ಒಂದನ್ನು 140 ಯೂರೋಗೆ ಕೊಟ್ಟರು. ಜರ್ಮನ್ ಸಾಮ್ರಾಜ್ಯದ ಕಾಲದಲ್ಲಿ, ಹೆಚ್ಚಾಗಿ 1890ರ ದಶಕದಿಂದ 1914ರವರೆಗೆ, ಕಡ್ಡಾಯ ಸೈನ್ಯಸೇವೆ ಮುಗಿಸಿ ಮನೆಗೆ ಮರಳುವ ಯುವಕರು ಇಂಥ ಕ್ರೂಗ್‌ಗಳನ್ನು ತಮ್ಮ ಹೆಸರು ಬರೆಸಿ ಮಾಡಿಸಿಕೊಳ್ಳುತ್ತಿದ್ದರು. ಇವುಗಳನ್ನು ರಿಸರ್ವಿಸ್ಟನ್‌ಕ್ರೂಗ್ ಎನ್ನುತ್ತಾರೆ. ಮೈಮೇಲೆ ರೆಜಿಮೆಂಟಿನ ಸಂಖ್ಯೆ, ಬೀಡುಬಿಟ್ಟ ಊರು, ಸೇವೆಯ ವರ್ಷಗಳು. ಹಿಡಿಯ ಎರಡೂ ಪಕ್ಕಗಳಲ್ಲಿ ಜೊತೆಗಾರರ ಹೆಸರುಗಳ ಸಾಲು. ಮುಚ್ಚಳದ ತುದಿಯಲ್ಲಿ ತವರದ ಸೈನಿಕನ ಬೊಂಬೆ. ಹೆಬ್ಬೆರಳಿನಿಂದ ಮುಚ್ಚಳ ತೆರೆಯುವ ಕಡೆ ಬವೇರಿಯದವನಾದರೆ ಸಿಂಹ, ಪ್ರಷ್ಯದವನಾದರೆ ಹದ್ದು. ನನ್ನದರಲ್ಲಿ ಇವೆಲ್ಲವೂ ಇದ್ದವು, ಮತ್ತು ಎಲ್ಲವೂ ಇದ್ದವು ಎಂಬ ಕಾರಣಕ್ಕೇ ನಾನು ನಂಬಿದೆ.

ನಮ್ಮ ಕಟ್ಟಡದಲ್ಲಿರುವ ಹಿರಿಯರೊಬ್ಬರು, ನಲವತ್ತು ವರ್ಷಗಳಿಂದ ಕ್ರೂಗ್ ಸಂಗ್ರಹಿಸಿದವರು, ಅದನ್ನು ಕೈಗೆತ್ತಿಕೊಂಡು ಮೊದಲು ಮುಚ್ಚಳ ತೆರೆದು ಕಿಟಕಿಯ ಬೆಳಕಿಗೆ ಹಿಡಿದರು. ಪಿಂಗಾಣಿ ಕ್ರೂಗ್‌ಗಳ ತಳದಲ್ಲಿ ಹಲವು ಸಲ ಲಿಥೋಫೇನ್ ಎಂಬ ಚಿತ್ರವಿರುತ್ತದೆ. ಪಿಂಗಾಣಿಯನ್ನು ಎಲ್ಲಿ ತೆಳುವಾಗಿ, ಎಲ್ಲಿ ದಪ್ಪವಾಗಿ ಅಚ್ಚು ಹಾಕಿದ್ದಾರೋ ಅದರಂತೆ ಬೆಳಕು ಹಾದುಬಂದು ನೆರಳು ಬೆಳಕಿನ ಚಿತ್ರವಾಗಿ ಕಾಣುವ ಈ ತಂತ್ರಕ್ಕೆ 1827ರಲ್ಲಿ ಫ್ರಾನ್ಸ್‌ನಲ್ಲಿ ಪೇಟೆಂಟ್ ಆಯಿತು. ಅಸಲಿ ಸೈನಿಕ ಕ್ರೂಗ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪ್ರೇಯಸಿಯನ್ನು ಬೀಳ್ಕೊಡುವ ಸೈನಿಕ ಅಥವಾ ಹೆಂಡದಂಗಡಿಯ ದೃಶ್ಯ. ನನ್ನದರ ತಳದಲ್ಲಿ ಕಂಡದ್ದು ಬೆತ್ತಲೆ ಹೆಂಗಸಿನ ಚಿತ್ರ. ಇದು ದಶಕಗಳ ನಂತರ ಪ್ರವಾಸಿಗರಿಗೆಂದು ತಯಾರಿಸಿದ ನಕಲುಗಳ ಗುರುತು ಎಂದು ಅವರು ಹೇಳಿದರು. ಆಮೇಲೆ ಅವರು ಸೇವೆಯ ವರ್ಷಗಳನ್ನು ಓದಿಸಿದರು: ಪದಾತಿ ದಳ, 1905ರಿಂದ 1908. ಪದಾತಿಯವರ ಸೇವೆಯನ್ನು 1893ರಲ್ಲೇ ಮೂರು ವರ್ಷದಿಂದ ಎರಡಕ್ಕೆ ಇಳಿಸಲಾಗಿತ್ತು. ಮೂರು ವರ್ಷ ಉಳಿದದ್ದು ಕುದುರೆಯ ದಳ, ನೌಕಾಪಡೆ ಮುಂತಾದವುಗಳಿಗೆ. ಇಷ್ಟಾದ ಮೇಲೂ ನನಗೆ ಒಪ್ಪಲು ಮನಸ್ಸಾಗಲಿಲ್ಲ. ಆಗ ಅವರು ಭೂತಗನ್ನಡಿ ಕೊಟ್ಟು ಸೈನಿಕನ ಹೆಸರನ್ನು ನೋಡಲು ಹೇಳಿದರು. ಅಸಲಿ ಕ್ರೂಗ್‌ನಲ್ಲಿ ಆ ಹೆಸರನ್ನು ಗಿರಾಕಿ ಹೇಳಿದ ಮೇಲೆ ಕುಂಚದಿಂದ ಬರೆಯುತ್ತಿದ್ದರಾದ್ದರಿಂದ ಅಕ್ಷರದ ಬಣ್ಣ ಒಂದು ಕಡೆ ದಟ್ಟವಾಗಿ ಇನ್ನೊಂದು ಕಡೆ ತೆಳುವಾಗಿ ಇರುತ್ತದೆ. ನನ್ನದರಲ್ಲಿ ಹೆಸರೂ ಚಿತ್ರವೂ ಒಂದೇ ಹಾಳೆಯಿಂದ ಅಂಟಿಸಿದಂತೆ ಸಮನಾಗಿದ್ದವು.

ಅಲಂಕಾರದ ವಸ್ತುವಾಗಿ ಅದಕ್ಕೆ ಹೆಚ್ಚೆಂದರೆ 30 ಯೂರೋ ಬರಬಹುದು. ಅಸಲಿಯಾಗಿದ್ದರೆ ಬೆಲೆ ಯಾವ ದಳದ್ದು ಎಂಬುದರ ಮೇಲೆ ನಿಲ್ಲುತ್ತಿತ್ತು. ಪದಾತಿಯವರು ಲಕ್ಷಾಂತರ ಮಂದಿ ಇದ್ದರು, ಅವರ ಕ್ರೂಗ್‌ಗಳೂ ಧಾರಾಳವಾಗಿ ಉಳಿದಿವೆ. ವಾಯುನೌಕೆಯ ದಳ, ವಿಮಾನ ದಳದವರು ಕೆಲವೇ ಮಂದಿ, ಆದ್ದರಿಂದ ಅವರದು ಹಲವು ಪಟ್ಟು ದುಬಾರಿ. ನಕಲು ಮಾಡುವವರೂ ಇದನ್ನು ಬಲ್ಲರು.

ಇಷ್ಟು ಕಲಿತ ಮೇಲೆ ಮೆಟ್ಲಾಖ್‌ನ ಕ್ರೂಗ್ ಕೊಂಡದ್ದು. ಈ ಕಾರ್ಖಾನೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಜಾನ್ ಫ್ರಾಂಸ್ವಾ ಬಾಖ್ ಎಂಬವರು 1809ರಲ್ಲಿ ಮೆಟ್ಲಾಖ್‌ನ ಬೆನೆಡಿಕ್ಟಿನ್ ಸನ್ಯಾಸಿಗಳ ಹಳೆಯ ಮಠದ ಕಟ್ಟಡವನ್ನು ಕೊಂಡು ಅಲ್ಲಿ ಪಾತ್ರೆ ತಯಾರಿಕೆ ಆರಂಭಿಸಿದರು. 1836ರಲ್ಲಿ ವಿಲೆರಾಯ್ ಮನೆತನದ ಉದ್ಯಮದೊಂದಿಗೆ ಸೇರಿ ಈಗಿನ ಹೆಸರು ಬಂತು. ಸುಮಾರು 1880ರಿಂದ 1910ರವರೆಗಿನ ಮೂರು ದಶಕ ಅಲ್ಲಿನ ಕ್ರೂಗ್‌ಗಳ ಒಳ್ಳೆಯ ಕಾಲ. 1921ರಲ್ಲಿ ಬೆಂಕಿ ಬಿದ್ದು ಅಚ್ಚುಗಳೂ ತಯಾರಿಕೆಯ ದಾಖಲೆಗಳೂ ಹೋದವು. ಆ ಕಾಲದ ಮೆಟ್ಲಾಖ್ ಪಾತ್ರೆಯ ದೊಡ್ಡ ಅನುಕೂಲವೆಂದರೆ ಅದು ತನ್ನ ಜಾತಕವನ್ನು ತಳದಲ್ಲೇ ಹೊತ್ತುಕೊಂಡಿರುತ್ತದೆ.

ನನ್ನ ಕ್ರೂಗ್‌ನ ತಳದಲ್ಲಿ ಹಸಿಮಣ್ಣಿಗೆ ಒತ್ತಿದ ಮುದ್ರೆಯಿದೆ: ಮಠದ ಗೋಪುರ, ಅದರ ಕೆಳಗೆ ಮೆಟ್ಲಾಖ್ ಎಂಬ ಪಟ್ಟಿ, ಜೊತೆಗೆ ವಿ ಮತ್ತು ಬಿ ಎಂಬ ರೋಮನ್ ಅಕ್ಷರಗಳು. ಪಕ್ಕದಲ್ಲಿ ನಾಲ್ಕು ಅಂಕಿಯ ಮಾದರಿ ಸಂಖ್ಯೆ. ಈ ಸಂಖ್ಯೆಯೊಂದಿದ್ದರೆ ಸಂಗ್ರಾಹಕರು ಚಿತ್ರ ನೋಡದೆಯೇ ಅದು ಯಾವ ಕ್ರೂಗ್ ಎಂದು ಹೇಳುತ್ತಾರೆ. ಇನ್ನೊಂದು ಕಡೆ 98 ಎಂಬ ಎರಡೇ ಅಂಕಿ, ಅಂದರೆ 1898. ಉಳಿದ ಸಣ್ಣ ಗುರುತುಗಳು ಕಾರ್ಖಾನೆಯೊಳಗಿನ ಲೆಕ್ಕಕ್ಕೆ ಸೇರಿದವು, ಕೊಳ್ಳುವವರು ತಲೆಕೆಡಿಸಿಕೊಳ್ಳಬೇಕಿಲ್ಲ. ಹಲವು ಕ್ರೂಗ್‌ಗಳ ತಳದಲ್ಲಿ ಗೆಸೆಟ್ಸ್‌ಲಿಖ್ ಗೆಶ್ಯೂಟ್ಸ್ಟ್ ಎಂಬುದರ ಸಂಕ್ಷೇಪವೋ ಮುಸ್ಟರ್‌ಶುಟ್ಸ್ ಎಂಬ ಪದವೋ ಇರುತ್ತದೆ. ಅದನ್ನು ತಯಾರಕರ ಹೆಸರೆಂದು ತಿಳಿದು ಪಟ್ಟಿಗಳಲ್ಲಿ ಹುಡುಕುವವರಿದ್ದಾರೆ. ಎರಡಕ್ಕೂ ಅರ್ಥ ಒಂದೇ: ಈ ವಿನ್ಯಾಸಕ್ಕೆ ಕಾನೂನಿನ ರಕ್ಷಣೆಯಿದೆ.

ಕಾರ್ಖಾನೆಯ ಮುದ್ರೆಯೇ ಇಲ್ಲದ ಕ್ರೂಗ್ ಆದರೂ ಕಾಲವನ್ನು ಅಂದಾಜು ಮಾಡಬಹುದು. ಜರ್ಮನ್ ಸಾಮ್ರಾಜ್ಯವು 1881ರಲ್ಲಿ ಮಾಡಿದ, 1884ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಂತೆ, ಮದ್ಯ ಬಡಿಸುವ ಪಾತ್ರೆಯ ಮೇಲೆ ಅಳತೆಯ ಗೆರೆಯನ್ನೂ ಲೀಟರಿನ ಪ್ರಮಾಣವನ್ನೂ ಗುರುತಿಸಬೇಕಾಯಿತು. ಹಿಡಿಯ ಹತ್ತಿರ ಗೆರೆಯೂ ½ ಲೀ. ಎಂಬ ಬರಹವೂ ಇದ್ದರೆ, ಅದು 1700ರ ಕಾಲದ್ದು ಎಂದು ಯಾರೇ ಹೇಳಿದರೂ ಒಪ್ಪಬೇಕಿಲ್ಲ. ಬವೇರಿಯದ ಹಳೆಯ ಮಾಸ್ ಅಳತೆ 1.069 ಲೀಟರಿನದು, 1872ರಲ್ಲಿ ಲೀಟರ್ ಪದ್ಧತಿ ಬಂದ ಮೇಲೆ ಅದು ಸರಿಯಾಗಿ ಒಂದು ಲೀಟರಿಗೆ ಇಳಿಯಿತು. ಆದ್ದರಿಂದ ಲೀಟರಿಗಿಂತ ಕೊಂಚ ಹೆಚ್ಚು ನೀರು ಹಿಡಿಯುವ, ಗೆರೆಯಿಲ್ಲದ ಮಾಸ್‌ಕ್ರೂಗ್ ಸಿಕ್ಕರೆ ನಿಧಾನವಾಗಿ ಪರೀಕ್ಷಿಸುವುದು ಒಳ್ಳೆಯದು. ದೇಶದ ಹೆಸರೂ ಸಾಕ್ಷಿಯೇ. ಬ್ರಿಟನ್ 1887ರಲ್ಲಿ, ಅಮೆರಿಕ 1891ರಿಂದ, ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಬಯಸಿದ್ದರಿಂದ ಇಂಗ್ಲಿಷ್‌ನಲ್ಲಿ ಜರ್ಮನಿ ಎಂದು ಬರೆದ ಪಾತ್ರೆ ಸಾಮಾನ್ಯವಾಗಿ ಅದರ ನಂತರದ್ದು. ವೆಸ್ಟ್ ಜರ್ಮನಿ ಎಂದಿದ್ದರೆ 1949ಕ್ಕೂ 1990ಕ್ಕೂ ನಡುವಿನದು. ಮಠದ ಗೋಪುರದ ಹೋಲಿಕೆಯ ಚಿತ್ರವೇ ಇರಲಿ, ಎಷ್ಟೇ ಮಾಸಿರಲಿ, ಇದು ಬದಲಾಗುವುದಿಲ್ಲ. ಹಳೆಯ ವಸ್ತುಗಳ ಸಂತೆಗಳಲ್ಲಿ ನಾನು ಕಂಡವುಗಳಲ್ಲಿ ಬಹುಪಾಲು ಈ ಕೊನೆಯ ಗುಂಪಿನವು. 10ರಿಂದ 30 ಯೂರೋ ಒಳಗೆ ಸಿಗುತ್ತವೆ, ಅಷ್ಟೇ ಕೊಡಬೇಕು.

ಇನ್ನು ಚಿತ್ರದ ಕೆಲಸ. ಮೆಟ್ಲಾಖ್ ಕ್ರೂಗ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯನ್ನು ಬೇರ್ಪಡಿಸಿ ತಿಳಿಯಬೇಕು. ಒಂದರಲ್ಲಿ ಚಿತ್ರವನ್ನು ಮೆರುಗಿನ ಕೆಳಗೆ ಅಚ್ಚೊತ್ತಿರುತ್ತಾರೆ. ಮೈ ಗಾಜಿನಂತೆ ನುಣುಪು. ಇನ್ನೊಂದರಲ್ಲಿ ಪ್ರತಿ ರೇಖೆಯನ್ನೂ ಮಣ್ಣಿನಲ್ಲಿ ಕೊರೆದಂತಿದ್ದು, ರೇಖೆಯೊಳಗೆ ಕಪ್ಪು, ರೇಖೆಗಳ ನಡುವೆ ಬೇರೆ ಬೇರೆ ಬಣ್ಣ ತುಂಬಿರುತ್ತದೆ. ಉಗುರನ್ನು ಅಡ್ಡಲಾಗಿ ಎಳೆದರೆ ಪ್ರತಿ ಗೆರೆಯೂ ತಗಲುತ್ತದೆ. ಎರಡನೆಯದಕ್ಕೆ ಬೆಲೆ ಹೆಚ್ಚು. ನನ್ನದು ಅದೇ. ಹೆಂಡದಂಗಡಿಯ ಮೇಜಿನ ಸುತ್ತ ಕುಳಿತವರ ದೃಶ್ಯ, ಮೂಲೆಯಲ್ಲಿ ವಾರ್ಟ್ ಎಂಬ ಸಹಿ. ಕ್ರಿಸ್ಟಿಯಾನ್ ವಾರ್ಟ್ ಈ ಕಾರ್ಖಾನೆಗೆ ಬಹಳಷ್ಟು ಚಿತ್ರಗಳನ್ನು ರಚಿಸಿದವರು, ಆದ್ದರಿಂದ ಅವರ ಸಹಿ ಅಪರೂಪವೇನಲ್ಲ. ಕುಳ್ಳ ಯಕ್ಷರ ಚಿತ್ರಗಳಿಗೆ ಹೆಸರಾದ ಹೈನ್‌ರಿಖ್ ಶ್ಲಿಟ್ ಅವರದಾಗಿದ್ದರೆ ಬೆಲೆ ಏರುತ್ತಿತ್ತು. ಆದರೂ ಈ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ. ಮೇಜಿನ ಮೇಲೆ ಮೊಣಕೈ ಊರಿದವನ ತೋಳಿನ ಮಡಿಕೆಗಳನ್ನು ನಾಲ್ಕೇ ಗೆರೆಗಳಲ್ಲಿ ತಂದಿದ್ದಾರೆ. ಬೂದು, ಕಂದು, ಮಂಕಾದ ನೀಲಿ ಬಣ್ಣಗಳು ನೂರಿಪ್ಪತ್ತು ವರ್ಷಗಳ ಮೇಲೂ ಒಂದರೊಳಗೊಂದು ಹರಿದಿಲ್ಲ. ಬೆಳಿಗ್ಗೆ ಕಿಟಕಿಯಿಂದ ಓರೆಯಾಗಿ ಬೆಳಕು ಬಿದ್ದಾಗ ಕೊರೆದ ಗೆರೆಗಳಿಗೆ ನೆರಳು ಬಂದು ಚಿತ್ರವೆಲ್ಲ ಎದ್ದುನಿಲ್ಲುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ನಾನು ಮಾಡಿದ ಪರೀಕ್ಷೆ ನಮ್ಮ ಊರಿನ ಸಂತೆಯದೇ. ಮಡಕೆ ಕೊಳ್ಳುವಾಗ ಅಮ್ಮ ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಎಂದರೆ ಮಾತ್ರ ಪಕ್ಕಕ್ಕಿಡುತ್ತಿದ್ದರು. ಕ್ರೂಗ್ ವಿಷಯದಲ್ಲೂ ಅದೇ: ಮುಚ್ಚಳ ತೆರೆದು ಹಿಡಿದು ಅಂಚನ್ನು ಮೆಲ್ಲಗೆ ತಟ್ಟಿದರೆ, ಒಡಕಿಲ್ಲದ್ದು ಗಂಟೆಯಂತೆ ನಾದ ಕೊಡುತ್ತದೆ, ಕೂದಲೆಳೆಯ ಬಿರುಕಿದ್ದರೂ ದನಿ ಮಂಕಾಗುತ್ತದೆ. ಆಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಹೊರಗೆ ಚಿತ್ರದಲ್ಲಿ ಮರೆಯಾಗುವ ಬಿರುಕು ಒಳಗಿನ ಬಿಳಿ ಮೆರುಗಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ನನ್ನದು ಎರಡರಲ್ಲೂ ಗೆದ್ದಿತು. ಮನೆಗೆ ಬಂದ ಮೇಲೆ 15 ಯೂರೋದ ನೇರಳಾತೀತ ದೀಪವನ್ನು ಹಿಡಿದು ಮೈಯೆಲ್ಲ ನೋಡಿದೆ, ಏಕೆಂದರೆ ಮುಕ್ಕನ್ನು ತುಂಬಿ ಮೇಲೆ ಬಣ್ಣ ಬಳಿದಿದ್ದರೆ ಆ ಜಾಗ ಈ ಬೆಳಕಿನಲ್ಲಿ ಬೇರೆಯಾಗಿ ಹೊಳೆಯುತ್ತದೆ. ಮಣ್ಣಿನ ಭಾಗ ನಿರ್ದೋಷವಾಗಿತ್ತು.

ದೋಷ ಇದ್ದದ್ದು ಮುಚ್ಚಳದಲ್ಲಿ. ಕಾರ್ಖಾನೆ ಮಾಡಿದ ಮಣ್ಣಿನ ಪಾತ್ರೆಗೆ ಮುಚ್ಚಳ ಕೂಡಿಸುವುದು ತವರದ ಕಮ್ಮಾರರ ಕೆಲಸ. ಹಿಡಿಯ ಮೇಲ್ಭಾಗಕ್ಕೆ ತವರದ ಪಟ್ಟಿ ಸುತ್ತಿ, ಅದರಿಂದ ಕೀಲು ಎಬ್ಬಿಸಿ, ಕೀಲಿಗೆ ಮುಚ್ಚಳವನ್ನು ಸೇರಿಸುತ್ತಾರೆ. ಬಿದ್ದಾಗ ಮೊದಲು ಮುರಿಯುವುದು ಈ ಪಟ್ಟಿಯೇ, ಮತ್ತು ರಿಪೇರಿಯನ್ನು ಬರಿಗಣ್ಣಿಗೆ ಅಡಗಿಸುವುದು ಸುಲಭ. ನನ್ನ ಕ್ರೂಗ್‌ನ ಪಟ್ಟಿಯ ಒಳಮೈಯಲ್ಲಿ ಒಂದು ಕಡೆ ಲೋಹ ಉಬ್ಬಿ, ಬಣ್ಣವೂ ಉಳಿದ ತವರಕ್ಕಿಂತ ಬೂದಾಗಿತ್ತು. ಕಲಾಯಿ ಮಾಡಿದ ಪಾತ್ರೆಯಲ್ಲಿ ಹಳೆಯ ತವರ ಯಾವುದು, ಹೊಸದಾಗಿ ಹಚ್ಚಿದ್ದು ಯಾವುದು ಎಂದು ಗುರುತಿಸಬಲ್ಲವರಿಗೆ ಇದೂ ತಿಳಿಯುತ್ತದೆ. ನಾನು ಅಂಗಡಿಯಲ್ಲಿ ಮೇಲ್ಮೈಯನ್ನಷ್ಟೇ ನೋಡಿದ್ದೆ. ಬೆಸುಗೆ ಹಾಕಿದ್ದು ನನಗೆ ಗೊತ್ತಾದದ್ದು ಬೆಲೆ ಕಟ್ಟಿಸುವಾಗ.

ಬೆಲೆ ಕಟ್ಟಿಸಿದ್ದು ಎರಡು ಕಡೆ. ಮೊದಲನೆಯದು ಫೋಟೋ ಕಳುಹಿಸಿದರೆ ಅಂದಾಜು ಬೆಲೆ ತಿಳಿಸುವ ಆನ್‌ಲೈನ್ ಸೇವೆ. ಶುಲ್ಕ 20 ಯೂರೋ. ಎರಡು ದಿನಗಳಲ್ಲಿ ಉತ್ತರ ಬಂತು: 150ರಿಂದ 250 ಯೂರೋ. ಮಾದರಿ ಸಂಖ್ಯೆಯನ್ನೂ ವರ್ಷವನ್ನೂ ಸರಿಯಾಗಿ ಹೇಳಿದರು, ಅದಕ್ಕೆ ಕೃತಜ್ಞತೆಯಿದೆ. ಆದರೆ ಒಳಭಾಗದ ಫೋಟೋ ಕೇಳಲಿಲ್ಲ, ಕೀಲಿನ ಫೋಟೋ ಕೇಳಲಿಲ್ಲ. ಅಂದರೆ ಅವರು ಬೆಲೆ ಕಟ್ಟಿದ್ದು ಆ ಸಂಖ್ಯೆಯ ಯಾವುದೋ ಒಂದು ಕ್ರೂಗ್‌ಗೆ, ನನ್ನ ಕೈಯಲ್ಲಿದ್ದದ್ದಕ್ಕೆ ಅಲ್ಲ. ಈ ಸೇವೆಯನ್ನು ನಾನು ಶಿಫಾರಸು ಮಾಡಲಾರೆ. ಎರಡನೆಯದು ಹರಾಜು ಸಂಸ್ಥೆಯೊಂದು ಸಾರ್ವಜನಿಕರಿಗಾಗಿ ಇಟ್ಟಿದ್ದ ಉಚಿತ ಪರೀಕ್ಷೆಯ ದಿನ. ಅಲ್ಲಿನ ಪರಿಣತೆ ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ತಳ ನೋಡಿದರು, ತಟ್ಟಿದರು, ಮುಚ್ಚಳವನ್ನು ನಿಧಾನವಾಗಿ ಎರಡು ಸಲ ತೆರೆದು ಮುಚ್ಚಿ, ಪಟ್ಟಿಯ ಒಳಗೆ ಬೆರಳಾಡಿಸಿ, ಇಲ್ಲಿ ಬೆಸುಗೆಯಿದೆ ಎಂದರು. ಹರಾಜಿನಲ್ಲಿ 120ರಿಂದ 150 ಯೂರೋ ನಿರೀಕ್ಷಿಸಬಹುದು, ಬೆಸುಗೆ ಇಲ್ಲದಿದ್ದರೆ ಇನ್ನು 40 ಯೂರೋ ಹೆಚ್ಚು ಎಂಬುದು ಅವರ ಅಂದಾಜು.

120 ಎಂದು ಕೇಳಿದಾಗ 210 ಕೊಟ್ಟವರಿಗೆ ಎದೆ ಕುಗ್ಗುವುದು ಸಹಜ. ಆದರೆ ಈ ಎರಡು ಬೆಲೆಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಹರಾಜಿನಲ್ಲಿ ಕೊಳ್ಳುವವರು ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಶುಲ್ಕವನ್ನೂ ಕೊಡಬೇಕು, ಮಾರುವವರ ಪಾಲಿನಿಂದಲೂ ಒಂದಷ್ಟು ಕಳೆಯುತ್ತಾರೆ. ಅಂಗಡಿಯಲ್ಲಿ ಕೊಂಡರೆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವ, ಪ್ರಶ್ನೆ ಕೇಳುವ, ರಸೀದಿ ಪಡೆಯುವ ಸೌಲಭ್ಯಕ್ಕೂ ಹಣ ಸೇರಿರುತ್ತದೆ. ಜೊತೆಗೆ, ಹಿಂದಿನ ತಲೆಮಾರಿನ ಸಂಗ್ರಾಹಕರ ಮನೆಗಳಿಂದ ಕ್ರೂಗ್‌ಗಳು ಮಾರುಕಟ್ಟೆಗೆ ಬರುತ್ತಲೇ ಇವೆ, ಕೊಳ್ಳುವ ಎಳೆಯರು ಕಡಿಮೆ. ನಮ್ಮ ಕಟ್ಟಡದ ಹಿರಿಯರು ತಾವು ಕೊಂಡ ಬೆಲೆಯ ಅರ್ಧಕ್ಕೆ ಮಾರಬೇಕಾಗಿ ಬಂದದ್ದನ್ನು ಹೇಳಿದ್ದಾರೆ. ಹೂಡಿಕೆಯೆಂದು ಕೊಳ್ಳುವವರಿಗೆ ಇದು ತಕ್ಕ ವಸ್ತುವಲ್ಲ. ನನ್ನ ಲೆಕ್ಕದಲ್ಲಿ ಬೆಸುಗೆಯ ಸಹಿತ ಈ ಕ್ರೂಗ್‌ಗೆ ಅಂಗಡಿಯ ಬೆಲೆ 180 ಆಗಬೇಕಿತ್ತು.

ಅದೇ ಅಂಗಡಿಯಲ್ಲಿ ವೆಸ್ಟರ್‌ವಾಲ್ಡ್ ಪ್ರದೇಶದ ಬೂದು ನೀಲಿ ಕ್ರೂಗ್‌ಗಳೂ ಸಾಲಾಗಿದ್ದವು. ಉರಿಯುವ ಭಟ್ಟಿಗೆ ಉಪ್ಪು ಎಸೆದು, ಅದರ ಆವಿ ಮಣ್ಣಿನೊಂದಿಗೆ ಬೆರೆತು ಕಿತ್ತಳೆ ಸಿಪ್ಪೆಯಂಥ ಮೆರುಗು ಬರುವಂತೆ ಮಾಡುವ ಕಸುಬು ಅದು. ನೀಲಿ ಬರುವುದು ಕೋಬಾಲ್ಟ್‌ನಿಂದ. ಇದೇ ಕಸುಬು ಇಂದಿಗೂ ನಡೆದಿರುವುದರಿಂದ ಹದಿನೆಂಟನೇ ಶತಮಾನದ್ದನ್ನೂ ಇಪ್ಪತ್ತನೆಯದನ್ನೂ ಹೊಸಬರು ಬೇರ್ಪಡಿಸುವುದು ಕಷ್ಟ. ಹ್ಯೋರ್-ಗ್ರೆನ್ಸ್‌ಹೌಜನ್ ಊರಿನ ವೆಸ್ಟರ್‌ವಾಲ್ಡ್ ಸೆರಾಮಿಕ್ ವಸ್ತುಸಂಗ್ರಹಾಲಯದಲ್ಲಿ ಅಸಲಿಗಳನ್ನು ಕಣ್ತುಂಬ ನೋಡಿ ಬಂದ ಮೇಲೆ ಕೊಳ್ಳುವುದು ಉತ್ತಮ. ನಾನಿನ್ನೂ ಕೊಂಡಿಲ್ಲ.

ಬಳಕೆಯ ಬಗ್ಗೆ ಒಂದು ಎಚ್ಚರಿಕೆ. 1887ರ ಜರ್ಮನ್ ಕಾನೂನು ಕುಡಿಯುವ ಪಾತ್ರೆಗಳ ಲೋಹದಲ್ಲಿ ನೂರಕ್ಕೆ 10 ಭಾಗದವರೆಗೆ ಸೀಸಕ್ಕೆ ಅವಕಾಶ ಕೊಟ್ಟಿತ್ತು. ಹಾಗಾಗಿ 1898ರ ಮುಚ್ಚಳವಿರುವ ಈ ಕ್ರೂಗ್‌ನಲ್ಲಿ ನಾನು ಏನನ್ನೂ ಕುಡಿಯುವುದಿಲ್ಲ, ಮನೆಗೆ ಬಂದವರಿಗೂ ಕೊಡುವುದಿಲ್ಲ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬಾರದು. ತವರದ ಮೇಲಿನ ಮಬ್ಬನ್ನು ಉಜ್ಜಿ ತೆಗೆದರೆ ವಯಸ್ಸಿನ ಗುರುತೂ ಬೆಲೆಯೂ ಒಟ್ಟಿಗೆ ಹೋಗುತ್ತವೆ. ಊರಿಗೆ ಒಯ್ಯುವವರು ಮುಚ್ಚಳಕ್ಕೂ ಅಂಚಿಗೂ ನಡುವೆ ಬಟ್ಟೆ ಇಟ್ಟು, ಹಿಡಿಯನ್ನು ಬೇರೆಯಾಗಿ ಸುತ್ತಿ, ಕೈಚೀಲದಲ್ಲೇ ಒಯ್ಯಬೇಕು.

ಹರಾಜು ಸಂಸ್ಥೆಯಿಂದ ಬಂದ ವಾರವೇ ನಾನು ಅಂಗಡಿಗೆ ಹೋಗಿ ಪಟ್ಟಿಯ ಬೆಸುಗೆಯನ್ನು ತೋರಿಸಿದೆ. ಮಾಲೀಕರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮಗೂ ಕಂಡಿರಲಿಲ್ಲ ಎಂದರು, ವಾದ ಮಾಡಲಿಲ್ಲ. ಕ್ರೂಗ್ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು ಎಂದೂ ಹೇಳಿದರು. ನನಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. 30 ಯೂರೋ ವಾಪಸು ಕೊಟ್ಟು, ಹಳೆಯ ರಸೀದಿಯ ಮೇಲೆ ಮುಚ್ಚಳದ ಪಟ್ಟಿ ರಿಪೇರಿಯಾಗಿದೆ ಎಂದು ಪೆನ್ನಿನಲ್ಲಿ ಬರೆದು ಸಹಿ ಹಾಕಿದರು. ಆ ರಸೀದಿಯನ್ನು ಮಡಿಸಿ ಕ್ರೂಗ್‌ನೊಳಗೇ ಇಟ್ಟಿದ್ದೇನೆ, ನನ್ನ ನಂತರ ಇದನ್ನು ಕೊಳ್ಳುವವರು ಮುಚ್ಚಳ ತೆರೆದ ಕೂಡಲೇ ಓದಲಿ ಎಂದು.